ನಾಯಿಮರಿಯ ಕೂದಲು ಉದುರಿದರೆ ಬೀದಿಗೆ ಬಿಡಬೇಕೆ?

ಕಳೆದ ತಿಂಗಳು ತಾಯಿಯೊಬ್ಬರು ತಮ್ಮ ಎಂಟು ವರ್ಷದ ಮಗನನ್ನು ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಹುಡುಗನಿಗೆ ಯಾವ ಕಾಯಿಲೆಯೂ ಇರಲಿಲ್ಲ. “ಡಾಕ್ಟ್ರೇ, ಮನೇಲಿರೋ ನಾಯಿಮರಿಗೆ ಕಜ್ಜಿ ಬಂದಿದೆ. ಕಣ್ಣಿನ ಸುತ್ತ ಕೂದಲು ಉದುರಿದೆ. ಇವನು ಅದನ್ನ ತಬ್ಬಿಕೊಂಡೇ ಇರ್ತಾನೆ. ಇವನಿಗೂ ಅಂಟುತ್ತಾ? ಇವರಪ್ಪ ನಾಳೆ ಅದನ್ನ ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ ಅಂತಿದಾರೆ” ಎಂದರು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ.

ಮರಿಗೆ ನಾಲ್ಕು ತಿಂಗಳು. ಚೆನ್ನಾಗಿ ತಿನ್ನುತ್ತದೆ, ಆಡುತ್ತದೆ, ಹೆಚ್ಚು ಕೆರೆದುಕೊಳ್ಳುವುದಿಲ್ಲ. ಮನೆಯಲ್ಲಿ ಯಾರಿಗೂ ತುರಿಕೆಯಿಲ್ಲ. ಇಷ್ಟು ಕೇಳಿಕೊಂಡು, “ಮರಿಯನ್ನು ಎಲ್ಲಿಗೂ ಬಿಡಬೇಡಿ, ಮೊದಲು ಪಶುವೈದ್ಯರಿಗೆ ತೋರಿಸಿ” ಎಂದು ಹೇಳಿ ಕಳಿಸಿದೆ.

ಇಂಥ ಮರಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಡೆಮೊಡೆಕ್ಸ್ ಎಂಬ ನುಸಿಯ ತೊಂದರೆ. ಈ ನುಸಿ ಬರಿಗಣ್ಣಿಗೆ ಕಾಣದು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಚುಟ್ಟದ ಆಕಾರ, ಎಂಟು ಮೋಟು ಕಾಲು. ವಾಸ ಕೂದಲ ಬುಡದಲ್ಲಿ. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ, ಮರಿ ಹಾಲು ಕುಡಿಯುವಾಗ, ತಾಯಿಯ ಮೈಯಿಂದ ಅದರ ಮೈಗೆ ಬರುತ್ತದೆ. ಆರೋಗ್ಯವಂತ ನಾಯಿಗಳ ಮೈಯಲ್ಲೂ ಇದು ಇರುತ್ತದೆ. ನಮ್ಮ ನಿಮ್ಮ ಮುಖದ ಮೇಲೂ ಇದರ ಸೋದರ ಜಾತಿಯ ನುಸಿಗಳಿವೆ. ಜರ್ಮನಿಯ ವೈದ್ಯ ಸೈಮನ್ 1842ರಲ್ಲೇ ಅವುಗಳನ್ನು ವರ್ಣಿಸಿದ್ದ. ಆದರೆ ನಾಯಿಯ ಡೆಮೊಡೆಕ್ಸ್ ಮನುಷ್ಯರಿಗೆ ರೋಗ ತರುವುದಿಲ್ಲ.

ಮರಿಯ ರೋಗನಿರೋಧಕ ಶಕ್ತಿ ಇನ್ನೂ ಬಲಿಯುತ್ತಿರುವಾಗ ಈ ನುಸಿಗಳು ಸ್ವಲ್ಪ ಹೆಚ್ಚುತ್ತವೆ. ಆಗ ಕಣ್ಣಿನ ಸುತ್ತ, ಬಾಯಿಯ ಅಂಚಿನಲ್ಲಿ, ಮುಂಗಾಲಿನ ಮೇಲೆ ನಾಲ್ಕಾರು ಕಡೆ ಕೂದಲು ಉದುರುತ್ತದೆ. ಮೂರರಿಂದ ಆರು ತಿಂಗಳ ಪ್ರಾಯದಲ್ಲಿ ಇದು ಹೆಚ್ಚು. ಇಷ್ಟಕ್ಕೇ ನಿಂತರೆ, ಹತ್ತರಲ್ಲಿ ಒಂಬತ್ತು ಮರಿಗಳಿಗೆ ಒಂದೆರಡು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಒಳ್ಳೆಯ ಆಹಾರ, ಜಂತುಹುಳುವಿಗೆ ಔಷಧಿ, ಹೇನು ಉಣ್ಣೆಗಳಿಂದ ರಕ್ಷಣೆ, ಇಷ್ಟು ಸಾಕು.

ನಾವು ಮಾಡುವುದೇ ಬೇರೆ. ಗ್ಯಾರೇಜಿನಿಂದ ಹಳೆಯ ಎಂಜಿನ್ ಆಯಿಲ್ ತಂದು ಬಳಿಯುತ್ತೇವೆ. ಮರಿ ಅದನ್ನು ನೆಕ್ಕುತ್ತದೆ, ವಿಷ ಹೊಟ್ಟೆಗೆ ಸೇರುತ್ತದೆ. ಯಾರೋ ಹೇಳಿದರೆಂದು ಐವರ್‌ಮೆಕ್ಟಿನ್ ಚುಚ್ಚಿಸುತ್ತೇವೆ. ಕೋಲಿಯಂಥ ಕೆಲವು ತಳಿಗಳಿಗೆ ಅದರಿಂದ ಪ್ರಾಣಕ್ಕೇ ಅಪಾಯ.

ಇಲ್ಲಿ ನನ್ನದೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ತಮ್ಮ ಮರಿಯ ಮುಖ ತೋರಿಸಿ, “ಏನು ಹಚ್ಚಲಿ ಡಾಕ್ಟ್ರೇ?” ಎಂದರು. ಮನೆಯಲ್ಲಿದ್ದ ಸ್ಟೀರಾಯ್ಡ್ ಮುಲಾಮನ್ನು ಕೊಟ್ಟೆ. ಸ್ಟೀರಾಯ್ಡ್ ನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ನುಸಿಗೆ ಬೇಕಾದದ್ದೂ ಅದೇ. ತಿಂಗಳೊಳಗೆ ಮೈಯೆಲ್ಲ ಹರಡಿ ಕೀವಾಯಿತು. ಪಶುವೈದ್ಯರು ತಿಂಗಳುಗಟ್ಟಲೆ ಔಷಧಿಯ ಸ್ನಾನ ಮಾಡಿಸಿ ಅದನ್ನು ಉಳಿಸಿದರು. ಅಂದಿನಿಂದ ನಾಯಿಗಳಿಗೆ ನಾನು ಔಷಧಿ ಕೊಡುವುದಿಲ್ಲ. ಬೇರೆ ಎಂಬಿಬಿಎಸ್ ವೈದ್ಯರೂ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಸುಮ್ಮನೆ ಕೂರುವಂತೆಯೂ ಇಲ್ಲ. ಮರಿ ಹಗಲು ರಾತ್ರಿ ಕೆರೆದುಕೊಳ್ಳುತ್ತಿದ್ದರೆ, ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗ ಕೆಂಪಾಗಿದ್ದರೆ ಅದು ಸಾರ್ಕೋಪ್ಟಿಸ್ ಎಂಬ ಬೇರೆ ನುಸಿಯ ಕಜ್ಜಿ ಇರಬಹುದು. ಅದು ಮನೆಯವರ ಕೈ, ಸೊಂಟದ ಮೇಲೆ ತುರಿಸುವ ಗುಳ್ಳೆ ಎಬ್ಬಿಸುತ್ತದೆ. ನಾಯಿಗೆ ಚಿಕಿತ್ಸೆಯಾದರೆ ನಮ್ಮದೂ ಇಳಿಯುತ್ತದೆ. ಗುಂಡಗೆ ಕೂದಲು ಉದುರಿಸುವ ಹುಳುಕಡ್ಡಿ ಮಕ್ಕಳಿಗೂ ಅಂಟುತ್ತದೆ. ಕಣ್ಣಿನಲ್ಲಿ ನೋಡಿ ಇವುಗಳನ್ನು ಬೇರ್ಪಡಿಸುವುದು ಕಷ್ಟ. ಪಶುವೈದ್ಯರು ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಡೆಮೊಡೆಕ್ಸ್ ಮೈಯೆಲ್ಲ ಹರಡಿದ್ದರೂ ಈಗ ಒಳ್ಳೆಯ ಮಾತ್ರೆಗಳಿವೆ. ಆದರೆ ಹಾಗೆ ಹರಡಿದ ನಾಯಿಯಿಂದ ಮರಿ ಹಾಕಿಸಬಾರದು. ಆ ದೌರ್ಬಲ್ಯ ವಂಶದಲ್ಲಿ ಹರಿದುಬರುತ್ತದೆ.

ಸಾಕಿದ ಪ್ರಾಣಿ ಹಸಿವು ಬಾಯಾರಿಕೆಯಿಂದ ನರಳುವಂತೆ ಅದನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನಾಲ್ಕು ತಿಂಗಳ ಮರಿ ಬೀದಿಯಲ್ಲಿ ಹಸಿದು ಸೊರಗಿದರೆ, ತಾನಾಗಿ ಹೋಗಬಹುದಾಗಿದ್ದ ರೋಗವೇ ಮೈತುಂಬ ಹರಡುತ್ತದೆ. ನಾಯಿಯಿಂದ ಮಗುವಿಗೆ ಏನಾದೀತೋ ಎಂಬ ಭಯವಿದ್ದರೆ, ಮರಿಗೆ ಮೂರು ತಿಂಗಳು ತುಂಬಿದ ಕೂಡಲೇ ರೇಬೀಸ್ ಲಸಿಕೆ ಹಾಕಿಸಿ. ಭಯಪಡಬೇಕಾದದ್ದು ಆ ರೋಗಕ್ಕೆ.

ಮೊನ್ನೆ ಅದೇ ತಾಯಿ ಬಿ.ಪಿ. ತೋರಿಸಲು ಬಂದಿದ್ದರು. ಮರಿಯ ಚರ್ಮದಲ್ಲಿ ಕಂಡದ್ದು ಡೆಮೊಡೆಕ್ಸೇ. ಪಶುವೈದ್ಯರು ಜಂತುಹುಳುವಿನ ಔಷಧಿ ಮಾತ್ರ ಕೊಟ್ಟು, ಮೂರು ವಾರ ಬಿಟ್ಟು ಬರಲು ಹೇಳಿದ್ದರಂತೆ. ಕಣ್ಣಿನ ಸುತ್ತ ಈಗ ಹೊಸ ಕೂದಲು ಬರುತ್ತಿದೆ. ಮಾರ್ಕೆಟ್ಟಿಗೆ ಬಿಟ್ಟು ಬರುತ್ತೇನೆ ಎಂದಿದ್ದ ಅಪ್ಪನೇ ಬೆಳಿಗ್ಗೆ ಅದನ್ನು ವಾಕಿಂಗಿಗೆ ಕರೆದೊಯ್ಯುತ್ತಾರಂತೆ.