ನೀರಿನಲ್ಲಿ ಕಾಣೆಯಾದವರ ಬಗ್ಗೆ ಏನು ಕೇಳಬೇಕು?

1967ರ ಡಿಸೆಂಬರ್ 17ರಂದು ಆಸ್ಟ್ರೇಲಿಯಾದ ಪ್ರಧಾನಿ ಹೆರಾಲ್ಡ್ ಹೋಲ್ಟ್ ಚೆವಿಯಟ್ ಕಡಲತೀರದಲ್ಲಿ ಈಜಲು ಇಳಿದವರು ಮರಳಲಿಲ್ಲ. ದೇಹ ಸಿಗಲೇ ಇಲ್ಲ. ಮುಳುಗಿ ತೀರಿಕೊಂಡರೆಂಬ ಅಧಿಕೃತ ತೀರ್ಮಾನ ಬಂದದ್ದು 2005ರಲ್ಲಿ. ನಮ್ಮ ದೇಶದಲ್ಲೂ ಕಾಣೆಯಾದವರನ್ನು ಮೃತರೆಂದು ಭಾವಿಸಲು ಕಾನೂನು ಸಾಮಾನ್ಯವಾಗಿ 7 ವರ್ಷ ಕಾಯಿಸುತ್ತದೆ. ಅಲ್ಲಿಯವರೆಗೆ ವಿಮೆ, ಬ್ಯಾಂಕು, ಆಸ್ತಿ ಎಲ್ಲವೂ ನಿಂತುಬಿಡಬಹುದು. ಮನೆಯವರು ಉತ್ತರಕ್ರಿಯೆ ಮಾಡಲೂ ಹಿಂಜರಿಯುತ್ತಾರೆ.

ಕಾಣೆಯಾದವರು ಕೊನೆಗೆ ಎಲ್ಲಿ ಸಿಕ್ಕರು ಎಂಬುದನ್ನು ಒಂದೊಂದು ಘಟನೆಯಿಂದಲೂ ದಾಖಲಿಸಿಕೊಂಡರೆ ಮುಂದಿನ ಹುಡುಕಾಟಕ್ಕೆ ದಾರಿ ಸಿಗುತ್ತದೆ. ಅದಕ್ಕೆ ಬೇಕಾದದ್ದು ಒಳ್ಳೆಯ ಪ್ರಶ್ನಾವಳಿ.

ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಾವು "ಮಾತ್ರೆ ಸರಿಯಾಗಿ ತಗೊಳ್ತೀರಾ?" ಎಂದರೆ ಎಲ್ಲರೂ "ಹೂಂ" ಅನ್ನುತ್ತಾರೆ. "ಹೋದ ವಾರ ಎಷ್ಟು ಸಲ ತಪ್ಪಿತು?" ಎಂದರೆ ನಿಜ ಹೊರಬೀಳುತ್ತದೆ. ಇಲ್ಲೂ ಹಾಗೆಯೇ. "ಅಲ್ಲೇ ಮುಳುಗಿದರಾ?" ಎಂದು ಕೇಳಬಾರದು. "ನೀವು ಎಲ್ಲಿ ನಿಂತಿದ್ದಿರಿ? ಕೊನೆಗೆ ಕಂಡದ್ದು ಎಷ್ಟು ಗಂಟೆಗೆ? ಯಾವ ದಿಕ್ಕಿನಲ್ಲಿ?" ಎಂದು ಕೇಳಬೇಕು. ಬಟ್ಟೆ, ಲೈಫ್ ಜಾಕೆಟ್, ಈಜು ಬರುತ್ತಿತ್ತೇ, ಮದ್ಯ, ಮೂರ್ಛೆರೋಗ, ಇನ್ಸುಲಿನ್, ನಿದ್ರೆ ಮಾತ್ರೆ ಇವೂ ಪಟ್ಟಿಯಲ್ಲಿರಲಿ.

ನಮ್ಮವರು ನೆಲೆಸಿರುವ ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಿಗೆ ಒಂದೇ ನಮೂನೆ ಸಾಲದು. ಪರ್ತ್‌ನಲ್ಲಿ ತೆರೆದ ಹಿಂದೂ ಮಹಾಸಾಗರವಿದೆ, ಮಧ್ಯಾಹ್ನದ ಕಡಲಗಾಳಿ ಜೋರು. ಬ್ರಿಸ್ಬೇನ್ ನದಿ ಕೆಸರುಬಣ್ಣದ್ದು. ಉಬ್ಬರವಿಳಿತಕ್ಕೆ ಹರಿವಿನ ದಿಕ್ಕೇ ತಿರುಗುತ್ತದೆ. ಅಡಿಲೇಡ್ ಇರುವುದು ಕೊಲ್ಲಿಯ ದಡದಲ್ಲಿ. ಅಲ್ಲಿ ಕೆಲವು ದಿನ ಉಬ್ಬರವಿಳಿತ ಇಲ್ಲವೆಂಬಷ್ಟು ಕಡಿಮೆ. ಆದ್ದರಿಂದ ಗಾಳಿ, ಭರತ, ನೀರಿನ ಬಿಸಿ ಕೇಳದ ಪ್ರಶ್ನಾವಳಿ ಅರ್ಧಂಬರ್ಧವೇ. ಮುಳುಗಿದ ದೇಹ ಮತ್ತೆ ತೇಲುವುದು ಬಿಸಿನೀರಿನಲ್ಲಿ ಬೇಗ, ತಣ್ಣೀರಿನಲ್ಲಿ ತಡ.

ನಮ್ಮೂರಿನ ಕಡೆಯೂ ಉದಾಹರಣೆ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕಾಣೆಯಾದ ಲಾರಿಯೊಂದನ್ನು ಮೊದಲು ಹೆದ್ದಾರಿಯ ಮಣ್ಣಿನಲ್ಲಿ, ಆಮೇಲೆ ಗಂಗಾವಳಿ ನದಿಯಲ್ಲಿ ಹುಡುಕಿದರು. ಅದು ಚಾಲಕನ ದೇಹದೊಂದಿಗೆ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಎಲ್ಲಿ ಹುಡುಕಬೇಕೆಂಬ ಪ್ರಶ್ನೆಯ ತೂಕ ಆ ಮನೆಯವರಿಗೆ ಗೊತ್ತು.

ಓದುಗರೇ, ಯಾರಾದರೂ ನೀರುಪಾಲಾಗುವುದನ್ನು ಕಂಡರೆ ನಿಂತ ಜಾಗ ಬಿಡಬೇಡಿ. ಎದುರಿನ ಮರವನ್ನೋ ಕಂಬವನ್ನೋ ಗುರುತಿಟ್ಟುಕೊಳ್ಳಿ, ಗಡಿಯಾರ ನೋಡಿ. ಕೂಡಲೇ ಫೋನ್ ಮಾಡಿ: ಎಮಿರೇಟ್ಸ್‌ನ ಕಡಲಲ್ಲಿ 996, ಭಾರತದ ಕಡಲಲ್ಲಿ 1554, ಆಸ್ಟ್ರೇಲಿಯಾದಲ್ಲಿ 000. ಬಂದವರಿಗೆ ಕಂಡದ್ದನ್ನು ಹೇಳಿ. ಊಹೆಯನ್ನು ಊಹೆಯೆಂದೇ ಹೇಳಿ.