ಅಂಗಳದ ಹೊಂಡ ಶೋಕಿಯೇ?

ನಮ್ಮದು ರೋಣದ ಕಡೆಯ ಎರೆ ಸೀಮೆ. ಮಳೆ ಬಂದರೆ ಜೋಳ, ಕಡಲೆ. ಬರದಿದ್ದರೆ ಅದೂ ಇಲ್ಲ. ಇಂಥ ಊರಿಗೆ ಮೂರು ವರ್ಷದ ಹಿಂದೆ ನನ್ನ ಮಗ ಟಂಟಂನಲ್ಲಿ ಒಂದು ರೆಡಿಮೇಡ್ ಹೊಂಡ ತಂದ. ಪೇಟೆಯವರು ತಾವರೆ ಹಚ್ಚಿ ಮೀನು ಬಿಡುತ್ತಾರಲ್ಲ, ಅಂಥ ಫೈಬರಿನ ತೊಟ್ಟಿ. ಆರಡಿ ಉದ್ದ, ನಾಲ್ಕಡಿ ಅಗಲ, ಒಂದೂವರೆ ಅಡಿ ಆಳ. ಸುಮಾರು 500 ಲೀಟರ್ ಹಿಡಿಯುತ್ತದೆ.

"ಕುಡಿಯಾಕ ನೀರಿಲ್ಲ, ಇವರಿಗೆ ಅಂಗಳದಾಗ ಕೆರಿ ಬೇಕಂತ" ಎಂದು ಓಣಿಯವರು ನಕ್ಕರು. ನಾನೂ ಮಗನನ್ನು ಬೈದೆ. ಈಗ ನನ್ನ ಅಭಿಪ್ರಾಯ ಬೇರೆ. ಬೋರಿನ ನೀರು ತುಂಬಿಸಿದರೆ ಅದು ಶೋಕಿಯೇ. ಮನೆ ಮೇಲೆ ಬಿದ್ದ ಮಳೆ ನೀರು ತುಂಬಿಸಿದರೆ ಅಲ್ಲ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಕೊಟ್ಟಿಗೆಯ ತಗಡು 20 ಅಡಿಗೆ 15 ಅಡಿ, ಅಂದರೆ 28 ಚದರ ಮೀಟರ್. 20 ಮಿಲಿಮೀಟರಿನ ಒಂದೇ ಮಳೆಗೆ ಹೊಂಡ ತುಂಬುತ್ತದೆ. ಮೊದಲು ಆ ನೀರು ಅಂಗಳ ಕೆಸರು ಮಾಡಿ ಗಟಾರಕ್ಕೆ ಹೋಗುತ್ತಿತ್ತು. ಈಗ ಅದರಿಂದ ಮೆಣಸಿನ ಅಗಿ, ಬದನೆ ಅಗಿ ಎದ್ದಿವೆ. ಗುಬ್ಬಿಗಳು ನೀರಿಗೆ ಬರುತ್ತವೆ.

ಆದರೆ ಕೂಡಿಸುವ ಕೆಲಸ ಹಗುರವಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ತೊಟ್ಟಿಯ ಅಳತೆಗಿಂತ ಸುತ್ತಲೂ ಒಂದು ಗೇಣು ಹೆಚ್ಚು ಅಗೆಯಬೇಕು. ತಳಕ್ಕೆ ಕಲ್ಲಿಲ್ಲದ ಉಸುಕು ಹಾಸಬೇಕು. ಗೌಂಡಿಯವರ ನೀರಿನ ಪೈಪು ಹಿಡಿದು ನಾಲ್ಕೂ ಕಡೆ ಅಂಚು ಸಮ ನೋಡಬೇಕು. ಒಂದು ಕಡೆ ತಗ್ಗಾದರೆ ಹೊಂಡ ಎಂದೂ ಪೂರ್ತಿ ತುಂಬುವುದಿಲ್ಲ. ಸುತ್ತಲಿನ ಸಂದಿಗೆ ಅಗೆದ ಎರೆ ಮಣ್ಣನ್ನೇ ತುಂಬಬಾರದು, ಗರಸು ಅಥವಾ ಉಸುಕು ಬೇಕು. ಒಳಗೆ ಅರ್ಧ ಗೇಣು ನೀರು, ಹೊರಗೆ ಅರ್ಧ ಗೇಣು ಗರಸು, ಹೀಗೆ ಕೂಡಿಯೇ ಏರಿಸಬೇಕು. ಹೊರಗಷ್ಟೇ ತುಂಬಿದರೆ ಗೋಡೆ ಒಳಗೆ ಬಾಗುತ್ತದೆ.

ಒಂದು ತಪ್ಪು ನಾನೇ ಮಾಡಿದೆ. ಮೊದಲ ವರ್ಷ ಪಾಚಿ ತೊಳೆಯಲು ಹೊಂಡ ಖಾಲಿ ಮಾಡಿಟ್ಟೆ. ಆ ರಾತ್ರಿ ಉತ್ತರಿ ಮಳೆ ಹೊಡೆಯಿತು. ಬೆಳಿಗ್ಗೆ ನೋಡಿದರೆ ತೊಟ್ಟಿ ಒಂದು ಗೇಣು ಮೇಲೆದ್ದು ಕುಂತಿತ್ತು! ಸುತ್ತಲಿನ ನೆಲದಲ್ಲಿ ನಿಂತ ನೀರು ಅದನ್ನು ದೋಣಿಯಂತೆ ಎತ್ತಿತ್ತು. ಮತ್ತೆ ಅಗೆದು ಕೂಡಿಸಲು ಎರಡು ದಿನದ ಆಳು ಹೋಯಿತು. ಮಳೆಗಾಲದಲ್ಲಿ ಹೊಂಡ ಖಾಲಿ ಬಿಡಬೇಡಿ.

ಬೇಸಿಗೆಗೆ ಇದನ್ನು ನಂಬಲೂಬೇಡಿ. ಬಿಸಿಲಿಗೆ ದಿನಕ್ಕೆ ಒಂದು ಕೊಡದಷ್ಟು ನೀರು ಆರಿಹೋಗುತ್ತದೆ. ಸೊಳ್ಳೆಗೆ ನಾಲ್ಕು ಗಪ್ಪಿ ಮೀನು ಬಿಟ್ಟಿದ್ದೇನೆ, ಮರಿ ನುಂಗುತ್ತವೆ.

ಇನ್ನೊಂದು ಮಾತು ಹೇಳದೆ ಮುಗಿಸಲಾರೆ. ಹೋದ ಶ್ರಾವಣದಲ್ಲಿ ಎರಡು ವರ್ಷದ ಮೊಮ್ಮಗ ಮೀನು ಹಿಡಿಯಲು ಬಗ್ಗಿ ತಲೆಕೆಳಗಾದ. ಸೊಸೆ ಅಲ್ಲೇ ಅರಿವೆ ಒಗೆಯುತ್ತಿದ್ದಳು, ಕಾಲು ಹಿಡಿದು ಎತ್ತಿದಳು. ಒಂದೂವರೆ ಅಡಿ ನೀರು ನಮಗೆ ಮೊಣಕಾಲು, ಕೂಸಿಗೆ ಬಾವಿ. ಅಂದೇ ಕಬ್ಬಿಣದ ಜಾಳಿಗೆ ಮಾಡಿಸಿ ಮುಚ್ಚಿದೆ.

2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ನಮ್ಮ ಹೊಲಗಳಲ್ಲೂ ಪ್ಲಾಸ್ಟಿಕ್ ಹಾಸಿದ ಹೊಂಡಗಳಾದವು. ಅವುಗಳ ಅಂಚು ಜಾರುತ್ತದೆ, ಬಿದ್ದವರಿಗೆ ಹತ್ತಲು ಹಿಡಿತ ಸಿಗದು. ಅಲ್ಲೂ ಇದೇ ಮಾತು. ಹೊಂಡದ ಖರ್ಚು ಲೆಕ್ಕ ಹಾಕುವಾಗಲೇ ಬೇಲಿಯ ಖರ್ಚು, ಒಳಗೆ ಇಳಿಬಿಡುವ ಹಗ್ಗದ ಖರ್ಚು ಸೇರಿಸಿ. ಅದಕ್ಕೆ ದುಡ್ಡಿಲ್ಲದಿದ್ದರೆ ಆ ವರ್ಷ ಹೊಂಡವೇ ಬೇಡ. ನೀರು ಮುಂದಿನ ಮಳೆಗೆ ಬಂದೀತು, ಕೂಸು ಬರುವುದಿಲ್ಲ.

ನಿಮ್ಮ ಅಂಗಳದಲ್ಲಿ ಹೊಂಡ ಮಾಡಿದ್ದರೆ ಹೇಗೆ ಮುಚ್ಚಿದ್ದೀರಿ, ಬರೆಯಿರಿ.