ರೋಗಪತ್ತೆಯು ಹಣೆಬರಹವಾಗಬಾರದು

ರೋಗವನ್ನು ಗುರುತಿಸಿದರೆ ಅರ್ಧ ವಾಸಿಯಾದಂತೆ ಎಂದು ಹಿರಿಯರು ಹೇಳುವುದುಂಟು. ಈ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಆದರೆ ಉಳಿದ ಅರ್ಧದ ಗತಿಯೇನು ಎಂದು ಕೇಳುವವರು ವಿರಳ. ಜೀವತಂತ್ರಜ್ಞಾನವೆಂಬ ಹೊಸ ಶಾಸ್ತ್ರವು ಮೊದಲನೆಯ ಅರ್ಧವನ್ನು ಬಹಳ ಸುಲಭಗೊಳಿಸಿದೆ. ತಂದೆತಾಯಿಗಳಿಂದ ಬಂದ ರೋಗವೊಂದನ್ನು ಇಂದು ಬೆರಳ ತುದಿಯ ಒಂದು ಹನಿ ರಕ್ತದಿಂದ, ಊರಿನ ಆರೋಗ್ಯಕೇಂದ್ರದ ಜಗುಲಿಯ ಮೇಲೆಯೇ, ಕೆಲವು ನಿಮಿಷಗಳಲ್ಲಿ ಪತ್ತೆಮಾಡಬಹುದಾಗಿದೆ. ಎರಡನೆಯ ಅರ್ಧವು ಅಷ್ಟು ವೇಗವಾಗಿ ಸಾಗಿಬಂದಿಲ್ಲ. ರೋಗ ತಿಳಿದ ದಿನಕ್ಕೂ ರೋಗ ವಾಸಿಯಾಗುವ ದಿನಕ್ಕೂ ನಡುವೆ ಮನುಷ್ಯರು ಬಾಳಬೇಕಾಗಿದೆ; ಅವರ ಬಾಳಿನ ಹೊಣೆಯನ್ನು ಹೊರದ ಪರೀಕ್ಷೆಯು ಅರ್ಧ ಉಪಕಾರವೂ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಇದನ್ನು ಒಂದು ರೋಗದ ಇತಿಹಾಸದಿಂದಲೇ ತೋರಿಸಲು ಯತ್ನಿಸುತ್ತೇವೆ.

ವೈದ್ಯರು ಸಿಕಲ್ ಸೆಲ್ ಅನೀಮಿಯ ಎಂದು ಕರೆಯುವ ಈ ರೋಗವನ್ನು ಕನ್ನಡದಲ್ಲಿ ಕುಡುಗೋಲು ಕಣ ರೋಗವೆನ್ನಬಹುದು. ಆರೋಗ್ಯವಂತರ ಕೆಂಪು ರಕ್ತಕಣವು ಗುಂಡಗೆ, ನಡುವೆ ತುಸು ತಗ್ಗಾಗಿ, ಮೃದುವಾಗಿರುವುದು. ತನಗಿಂತ ಕಿರಿದಾದ ಲೋಮನಾಳಗಳಲ್ಲಿಯೂ ಅದು ಬಳುಕಿ ನುಸುಳಿ ಹೋಗಬಲ್ಲದು. ಈ ರೋಗವುಳ್ಳವರಲ್ಲಿ ಕಣವು ತಾನು ಹೊತ್ತ ಆಮ್ಲಜನಕವನ್ನು ಇಳಿಸಿದೊಡನೆ ಗಡುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಇಂತಹ ಕಣಗಳು ಕಿರುನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹಾದಿಯನ್ನು ಮುಚ್ಚುವುವು. ಆಗ ಕೈಕಾಲು, ಬೆನ್ನು, ಎದೆಗಳಲ್ಲಿ ಸಹಿಸಲಾಗದ ನೋವು ಹುಟ್ಟುವುದು. ಸಾಧಾರಣ ಕಣವು ಸುಮಾರು ೧೨೦ ದಿನ ಬದುಕಿದರೆ ಈ ಕಣವು ಕೆಲವೇ ದಿನಗಳಲ್ಲಿ ನಾಶವಾಗುವುದರಿಂದ ರಕ್ತಹೀನತೆಯೂ ತಪ್ಪಿದ್ದಲ್ಲ. ಎಳೆಯ ಮಕ್ಕಳಲ್ಲಿ ಗುಲ್ಮವು ಬೇಗನೆ ಕೆಡುವುದರಿಂದ, ಇತರ ಮಕ್ಕಳು ತಾಳಿಕೊಳ್ಳುವ ಸೋಂಕು ಕೂಡ ಪ್ರಾಣಾಂತಿಕವಾಗುವುದುಂಟು.

ಈ ರೋಗವು ವೈದ್ಯಗ್ರಂಥಗಳಲ್ಲಿ ಪ್ರವೇಶ ಪಡೆದದ್ದು ೧೯೧೦ರಲ್ಲಿ. ಗ್ರೆನಾಡಾ ದ್ವೀಪದಿಂದ ದಂತವೈದ್ಯವನ್ನು ಕಲಿಯಲು ಅಮೆರಿಕದ ಷಿಕಾಗೋ ನಗರಕ್ಕೆ ಬಂದಿದ್ದ ತರುಣನೊಬ್ಬನ ರಕ್ತದಲ್ಲಿ ಕುಡುಗೋಲಿನ ಆಕಾರದ ಕಣಗಳು ಕಂಡುದನ್ನು ಜೇಮ್ಸ್ ಹೆರಿಕ್ ಎಂಬ ವೈದ್ಯರು ಆ ವರ್ಷ ಪ್ರಕಟಿಸಿದರು. ೧೯೪೯ರಲ್ಲಿ ಲೀನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು, ದೋಷವಿರುವುದು ಕಣದಲ್ಲಲ್ಲ, ಕಣದೊಳಗಿನ ಹಿಮೊಗ್ಲೋಬಿನ್ ಎಂಬ ವಸ್ತುವಿನ ಅಣುವಿನಲ್ಲಿ ಎಂದು ಸಿದ್ಧಪಡಿಸಿದರು. ವಿದ್ಯುತ್ ಕ್ಷೇತ್ರದಲ್ಲಿ ರೋಗಿಯ ಹಿಮೊಗ್ಲೋಬಿನ್ನು ಇತರರದಕ್ಕಿಂತ ಬೇರೆ ವೇಗದಲ್ಲಿ ಚಲಿಸಿದುದೇ ಅವರಿಗೆ ದೊರೆತ ಸಾಕ್ಷಿ. ಒಂದು ರೋಗದ ಮೂಲವನ್ನು ಅಣುವಿನ ಮಟ್ಟದಲ್ಲಿ ತೋರಿಸಿಕೊಟ್ಟದ್ದು ಅದೇ ಮೊದಲು. ಕೆಲವು ವರ್ಷಗಳ ತರುವಾಯ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ವರ್ನನ್ ಇಂಗ್ರಾಂ ಇನ್ನೂ ಆಳಕ್ಕೆ ಇಳಿದು, ೧೪೬ ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು ಕೊಂಡಿ ಬದಲಾಗಿದೆಯೆಂದು ಕಂಡರು. ಗ್ಲುಟಾಮಿಕ್ ಆಮ್ಲವಿರಬೇಕಾದ ಆರನೆಯ ಸ್ಥಾನದಲ್ಲಿ ವ್ಯಾಲೀನ್ ಕುಳಿತಿದೆ, ಅಷ್ಟೆ. ಆ ಸರಪಳಿಯನ್ನು ಬರೆಯುವ ಡಿ.ಎನ್.ಎ. ಲಿಪಿಯಲ್ಲಿ ಒಂದಕ್ಷರ ತಪ್ಪಿದುದರ ಪರಿಣಾಮ ಇಷ್ಟು.

ಈ ತಪ್ಪಕ್ಷರವನ್ನು ತಂದೆತಾಯಿಗಳಿಬ್ಬರಿಂದಲೂ ಪಡೆದ ಮಗು ರೋಗಿಯಾಗುವುದು. ಒಬ್ಬರಿಂದ ಮಾತ್ರ ಪಡೆದ ಮಗು ರೋಗಿಯಲ್ಲ, ವಾಹಕ. ಮೆಂಡೆಲನ ಬಟಾಣಿ ಗಿಡಗಳ ಪಾಠವನ್ನು ಓದಿರುವ ವಿದ್ಯಾರ್ಥಿಗಳು ಮುಂದಿನ ಲೆಕ್ಕವನ್ನು ತಾವೇ ಮಾಡಬಲ್ಲರು. ವಾಹಕರಿಬ್ಬರು ಮದುವೆಯಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು, ವಾಹಕವಾಗುವ ಸಂಭವ ಎರಡರಲ್ಲೊಂದು. ವಾಹಕನಾದವನು ಸಾಮಾನ್ಯವಾಗಿ ಎಲ್ಲರಂತೆ ಉಂಡು ದುಡಿದು ಬಾಳುವನು. ಅಷ್ಟೇ ಅಲ್ಲ; ವಾಹಕರಿಗೆ ಮಲೇರಿಯಾದಿಂದ ಒಂದು ಮಟ್ಟಿನ ರಕ್ಷಣೆಯುಂಟೆಂದು ಆಂಟನಿ ಆಲಿಸನ್ ೧೯೫೪ರಲ್ಲಿ ತೋರಿಸಿದರು. ಮಲೇರಿಯಾ ಹಾವಳಿಯಿದ್ದ ನಾಡುಗಳಲ್ಲಿ ಈ ಜೀನು ಅಳಿಯದೆ ಉಳಿದುಬಂದದ್ದಕ್ಕೆ ಇದೇ ಕಾರಣ. ಪೂರ್ವಿಕರ ಪ್ರಾಣವನ್ನು ಕಾಯ್ದ ಗುಣವನ್ನು ಕುಲದ ಕಳಂಕವೆಂದು ಬಗೆಯುವುದು ಅಜ್ಞಾನವಲ್ಲದೆ ಮತ್ತೇನು?

ಭಾರತದಲ್ಲಿಯೂ ಮಲೇರಿಯಾ ಬಲವಾಗಿದ್ದ ಕಾಡುಗಳಿಗೆ ಕೊರತೆಯಿರಲಿಲ್ಲ. ನಮ್ಮ ರಾಜ್ಯದ ಗಡಿಗೆ ಹೊಂದಿಕೊಂಡಿರುವ ನೀಲಗಿರಿಯ ಗಿರಿಜನರಲ್ಲಿ ಈ ಲಕ್ಷಣವಿರುವುದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ೧೯೫೨ರಲ್ಲಿ ಪ್ರಕಟಿಸಿದರು. ಮಧ್ಯ ಭಾರತದ ಕಾಡುನಾಡುಗಳಲ್ಲಿಯೂ, ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಗಿರಿಜನರಲ್ಲಿಯೂ ಈ ರೋಗವಿರುವುದು ಮುಂದೆ ತಿಳಿದುಬಂದಿತು. ಆದುದರಿಂದ ಇದು ದೂರದೇಶದ ಕಥೆಯಲ್ಲ.

ಪತ್ತೆಮಾಡುವ ವಿಧಾನಗಳು ಅಲ್ಲಿಂದೀಚೆಗೆ ಮುಂದುವರಿದ ಬಗೆ ಬೆರಗುಗೊಳಿಸುವಂತಹುದು. ೧೯೭೮ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಯುಯೆಟ್ ವಾಯ್ ಕಾನ್ ಮತ್ತು ಆಂಡ್ರೀ ಡೋಜಿ ಅವರು, ಡಿ.ಎನ್.ಎ.ಯನ್ನು ಗೊತ್ತಾದ ಎಡೆಯಲ್ಲಿ ಕತ್ತರಿಸುವ ಕಿಣ್ವಗಳ ನೆರವಿನಿಂದ, ಗರ್ಭದಲ್ಲಿರುವಾಗಲೇ ಈ ರೋಗವನ್ನು ಗುರುತಿಸುವ ದಾರಿಯನ್ನು ತೆರೆದರು. ಡಿ.ಎನ್.ಎ.ಯ ಒಂದು ತುಣುಕನ್ನು ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸುವ ಪಿ.ಸಿ.ಆರ್. ವಿಧಾನವನ್ನು ಕೋವಿಡ್ ಕಾಲದಲ್ಲಿ ಅರಿಯದವರಿಲ್ಲ. ೧೯೮೫ರಲ್ಲಿ ಆ ವಿಧಾನವು ಲೋಕಕ್ಕೆ ಮೊದಲು ಪರಿಚಯವಾದದ್ದು ಇದೇ ಕುಡುಗೋಲು ಕಣ ರೋಗದ ಪತ್ತೆಗಾಗಿ ಎಂಬುದನ್ನು ಬಲ್ಲವರು ಕಡಮೆ. ಇಂದು ಪ್ರತಿಕಾಯಗಳನ್ನು ಲೇಪಿಸಿದ ಪುಟ್ಟ ಪಟ್ಟಿಯೊಂದು ಪ್ರಯೋಗಶಾಲೆಯಿಲ್ಲದ ಹಾಡಿಯಲ್ಲಿಯೂ ರೋಗಿ ಯಾರು, ವಾಹಕ ಯಾರು ಎಂಬುದನ್ನು ಹೇಳಬಲ್ಲದು.

ಆದರೆ ತಿಳಿವಳಿಕೆಯು ತಾನಾಗಿಯೇ ಹಿತವನ್ನು ತರುವುದಿಲ್ಲ. ಈ ರೋಗದ ಗುಟ್ಟನ್ನು ಬಿಡಿಸಿದ ಪಾಲಿಂಗರೇ ಇದಕ್ಕೆ ಸಾಕ್ಷಿ. ವಾಹಕರಾದ ತರುಣ ತರುಣಿಯರ ಹಣೆಯ ಮೇಲೆ ಹಚ್ಚೆಯ ಗುರುತೊಂದನ್ನು ಹಾಕಿಸಬೇಕು, ಹಾಗಾದರೆ ವಾಹಕರು ಒಬ್ಬರನ್ನೊಬ್ಬರು ಮದುವೆಯಾಗದೆ ಎಚ್ಚರ ವಹಿಸುವರು ಎಂದು ಅವರು ೧೯೬೮ರಲ್ಲಿ ಬರೆದರು. ಪಾಲಿಂಗರು ಕ್ರೂರಿಗಳಲ್ಲ, ರಸಾಯನ ವಿಜ್ಞಾನಕ್ಕೂ ಶಾಂತಿಗೂ ನೊಬೆಲ್ ಪಾರಿತೋಷಕ ಪಡೆದ ಮಹನೀಯರು. ಮಕ್ಕಳ ನರಳಾಟವನ್ನು ತಪ್ಪಿಸಬೇಕೆಂಬುದೇ ಅವರ ಆಶಯವಾಗಿತ್ತು. ಅಣುವನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣು, ಹಣೆಯ ಮೇಲೆ ಗುರುತು ಹೊತ್ತು ಬೀದಿಯಲ್ಲಿ ನಡೆಯುವವನ ಮನಸ್ಸನ್ನು ಕಾಣದೆ ಹೋಯಿತು.

ಹಚ್ಚೆಯನ್ನು ಯಾರೂ ಹಾಕಲಿಲ್ಲ, ನಿಜ. ಆದರೂ ೧೯೭೦ರ ದಶಕದ ಆದಿಯಲ್ಲಿ ಅಮೆರಿಕದ ಹಲವು ಸಂಸ್ಥಾನಗಳು ಕಪ್ಪು ಜನರಿಗೆ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿದುವು. ವಾಹಕನಿಗೂ ರೋಗಿಗೂ ಇರುವ ಭೇದವನ್ನು ಜನರಿಗೆ ತಿಳಿಯಹೇಳುವ ಏರ್ಪಾಡು ಸಾಲದಾಗಿತ್ತು. ಫಲವಾಗಿ ಆರೋಗ್ಯವಂತರಾದ ವಾಹಕರು ಕೆಲಸವನ್ನು ಕಳೆದುಕೊಂಡರು. ವಿಮೆ ಸಿಗದೆ ಪರದಾಡಿದರು. ಆ ದೇಶದ ವಾಯುಪಡೆಯ ಅಕಾಡೆಮಿಯು ೧೯೮೧ರವರೆಗೆ ವಾಹಕರನ್ನು ಸೇರಿಸಿಕೊಳ್ಳಲಿಲ್ಲ. ೧೯೭೨ರ ಕೇಂದ್ರ ಶಾಸನವು ತನ್ನ ಹಣದಿಂದ ನಡೆಯುವ ಪರೀಕ್ಷೆಗಳು ಜನರ ಸ್ವಂತ ಇಚ್ಛೆಗೆ ಬಿಟ್ಟವಾಗಿರಬೇಕೆಂದು ವಿಧಿಸಿತು. ಅಷ್ಟರಲ್ಲಿ ಅನೇಕರ ಬಾಳಿಗೆ ಪೆಟ್ಟು ಬಿದ್ದಾಗಿತ್ತು.

ಈಗ ನಮ್ಮ ದೇಶದತ್ತ ನೋಡೋಣ. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಈ ರೋಗದ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನವು ಆರಂಭವಾಯಿತು. ಕರ್ನಾಟಕವೂ ಸೇರಿದಂತೆ ೧೭ ರಾಜ್ಯಗಳಲ್ಲಿ ೪೦ ವರ್ಷದೊಳಗಿನ ೭ ಕೋಟಿ ಜನರನ್ನು ಪರೀಕ್ಷಿಸುವುದು, ೨೦೪೭ರ ವೇಳೆಗೆ ರೋಗವನ್ನು ನಿರ್ಮೂಲಗೊಳಿಸುವುದು ಅದರ ಗುರಿ. ೨೦೨೫ರ ಜುಲೈ ವೇಳೆಗೆ ೬ ಕೋಟಿ ಜನರ ಪರೀಕ್ಷೆ ನಡೆದು, ಸುಮಾರು ೨ ಲಕ್ಷ ರೋಗಿಗಳೂ ೧೬ ಲಕ್ಷಕ್ಕೂ ಮಿಕ್ಕಿ ವಾಹಕರೂ ಪತ್ತೆಯಾದರು. ಇಷ್ಟು ದೊಡ್ಡ ಕಾರ್ಯವನ್ನು ಇಷ್ಟು ಬೇಗ ಮಾಡಿರುವುದು ಹೆಮ್ಮೆಪಡತಕ್ಕ ವಿಷಯವೇ ಸರಿ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಬ್ಬ ರೋಗಿಗೆ ಸುಮಾರು ಎಂಟು ಮಂದಿ ವಾಹಕರು! ರೋಗವಿಲ್ಲದ ಈ ಲಕ್ಷಾಂತರ ಜನರ ಕೈಗೆ, ರಕ್ತದಲ್ಲಿ ಏನೋ ಇದೆ ಎಂದು ಹೇಳುವ ಕಾರ್ಡು ಬಂದಿದೆ. ಹೆಣ್ಣು ನೋಡಲು ಬಂದವರು ಜಾತಕದ ಬದಲು ಆ ಕಾರ್ಡನ್ನು ಕೇಳಿ, ವಾಹಕಳೆಂಬ ಒಂದೇ ಮಾತಿಗೆ ಎದ್ದು ಹೋದರೆ, ಕಾರ್ಡು ಹಣೆಯ ಮೇಲಿನ ಹಚ್ಚೆಗಿಂತ ಯಾವ ವಿಧದಲ್ಲಿ ಮೇಲಾಯಿತು? ವರನು ವಾಹಕನಲ್ಲದಿದ್ದರೆ ಅವರ ಮಕ್ಕಳಿಗೆ ರೋಗ ಬರುವ ಪ್ರಶ್ನೆಯೇ ಇಲ್ಲವೆಂಬುದನ್ನು ಆ ಮನೆಯವರಿಗೆ ಯಾರಾದರೂ ವಿವರಿಸಿರಬೇಕಷ್ಟೆ?

ಹಾಗಾದರೆ ಪರೀಕ್ಷೆಯನ್ನೇ ಬಿಡೋಣವೇ ಎಂದು ಕೆಲವರು ಕೇಳಬಹುದು. ಖಂಡಿತ ಕೂಡದು. ೧೯೮೬ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಅಮೆರಿಕದಲ್ಲಿ ಈ ರೋಗವುಳ್ಳ ೨೧೫ ಎಳೆಯ ಮಕ್ಕಳಲ್ಲಿ ಕೆಲವರಿಗೆ ದಿನಕ್ಕೆರಡು ಬಾರಿ ಪೆನಿಸಿಲಿನ್ ಕೊಟ್ಟು ನೋಡಿದಾಗ, ಅಂತಹವರಲ್ಲಿ ತೀವ್ರ ಸೋಂಕು ಶೇಕಡಾ ೮೪ರಷ್ಟು ಇಳಿಯಿತು. ಮಗು ಹುಟ್ಟಿದೊಡನೆ ರೋಗ ತಿಳಿದರೆ ತಾನೆ ಪೆನಿಸಿಲಿನ್ ಕೊಡಲು ಸಾಧ್ಯ? ಬೆಳೆದವರ ಮಟ್ಟಿಗೆ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಔಷಧಿಯುಂಟು. ಗರ್ಭದಲ್ಲಿದ್ದಾಗ ನಮ್ಮೆಲ್ಲರ ರಕ್ತದಲ್ಲಿದ್ದು, ಹುಟ್ಟಿದ ಮೇಲೆ ಕಡಮೆಯಾಗುವ ಶಿಶು ಹಿಮೊಗ್ಲೋಬಿನ್ನನ್ನು ಅದು ಮತ್ತೆ ಹೆಚ್ಚಿಸುವುದು. ಕಣಗಳು ಬಾಗುವುದು ಕಡಮೆಯಾಗುವುದು. ೧೯೯೫ರ ಪ್ರಯೋಗದಲ್ಲಿ ಇದರಿಂದ ನೋವಿನ ಬಾಧೆ ಹೆಚ್ಚು ಕಡಮೆ ಅರ್ಧಕ್ಕೆ ಇಳಿಯಿತು. ಪೆನಿಸಿಲಿನ್ ಆಗಲಿ ಈ ಮಾತ್ರೆಯಾಗಲಿ ರೋಗವನ್ನು ಬೇರುಸಹಿತ ಕೀಳಲಾರವು. ಆದರೆ ಬಾಳನ್ನು ಉಳಿಸಬಲ್ಲವು.

ಬೇರಿಗೇ ಕೈಹಾಕುವ ಚಿಕಿತ್ಸೆಯೂ ಬಂದಿದೆ. ಶಿಶು ಹಿಮೊಗ್ಲೋಬಿನ್ನನ್ನು ಅಡಗಿಸುವ ಜೀನನ್ನು ವಿಜ್ಞಾನಿಗಳು ಗುರುತಿಸಿದರು. ರೋಗಿಯ ಮೂಲಕಣಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ಸೂಕ್ಷ್ಮ ಕತ್ತರಿಯಿಂದ ಆ ಅಡಗಿಸುವ ಶಕ್ತಿಯನ್ನು ಕುಂದಿಸಿ, ಕಣಗಳನ್ನು ಮರಳಿ ದೇಹಕ್ಕೆ ಸೇರಿಸುವುದು ಇದರ ಕ್ರಮ. ೨೦೨೩ರ ನವೆಂಬರಿನಲ್ಲಿ ಬ್ರಿಟನ್ನು, ಡಿಸೆಂಬರಿನಲ್ಲಿ ಅಮೆರಿಕವು ಇದಕ್ಕೆ ಅನುಮತಿ ನೀಡಿದುವು. ಪರಿಶೀಲನೆಗೆ ಒಳಪಟ್ಟ ೩೧ ರೋಗಿಗಳಲ್ಲಿ ೨೯ ಮಂದಿಗೆ ಕನಿಷ್ಠ ಒಂದು ವರ್ಷ ಕಾಲ ತೀವ್ರ ನೋವಿನ ಬಾಧೆ ಮರುಕಳಿಸಲಿಲ್ಲ. ಆದರೆ ಅಮೆರಿಕದಲ್ಲಿ ಅದಕ್ಕೆ ಗೊತ್ತುಪಡಿಸಿದ ಬೆಲೆ ೨೨ ಲಕ್ಷ ಡಾಲರು. ಆಗಿನ ಲೆಕ್ಕದಲ್ಲಿ ಸುಮಾರು ೧೮ ಕೋಟಿ ರೂಪಾಯಿ. ಸೀಗೆ, ಜೇನು ತಂದು ಮಾರಿ ಬದುಕುವ ಸೋಲಿಗನಿಗೆ ಇದು ಚಂದ್ರಲೋಕದ ಮದ್ದು. ದೆಹಲಿಯ ಜೀನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಇಂತಹ ಚಿಕಿತ್ಸೆಯನ್ನು ನಮ್ಮಲ್ಲಿಯೇ ಕಡಮೆ ವೆಚ್ಚದಲ್ಲಿ ರೂಪಿಸಲು ಶ್ರಮಿಸಿದ್ದು, ೨೦೨೫ರ ನವೆಂಬರಿನಲ್ಲಿ ಅದನ್ನು ಗಿರಿಜನ ನಾಯಕ ಬಿರ್ಸಾ ಮುಂಡಾರ ಹೆಸರಿನಿಂದ ಪ್ರಕಟಿಸಲಾಯಿತು. ಹೆಸರಿಗೆ ತಕ್ಕಂತೆ ಅದು ಕಾಡಿನ ಮಕ್ಕಳನ್ನು ಮುಟ್ಟಲೆಂದು ನಾವು ಹಾರೈಸುತ್ತೇವೆ.

ಆ ದಿನದವರೆಗೂ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪರೀಕ್ಷೆಯ ಪಟ್ಟಿ ತಲಪುವ ಹಾಡಿಗೆ ಮಾತ್ರೆಯೂ ಲಸಿಕೆಯೂ ತಪ್ಪದೆ ತಲಪಬೇಕು. ನೋವಿನ ರಾತ್ರಿ ರೋಗಿಯನ್ನು ಒಯ್ಯಲು ಬಂಡಿಯಿರಬೇಕು. ಫಲಿತಾಂಶವು ಪರೀಕ್ಷೆಗೊಳಗಾದವರ ಸೊತ್ತಾಗಿರಬೇಕು. ಅವರ ಒಪ್ಪಿಗೆಯಿಲ್ಲದೆ ಶಾಲೆಗಾಗಲಿ, ನೆರೆಹೊರೆಗಾಗಲಿ, ಕೆಲಸ ಕೊಡುವವರಿಗಾಗಲಿ ತಿಳಿಯಬಾರದು. ಅದರ ಅರ್ಥವನ್ನು ಅವರದೇ ನುಡಿಯಲ್ಲಿ, ಅವಸರವಿಲ್ಲದೆ ತಿಳಿಸಿಹೇಳುವವರು ಬೇಕು. ಮದುವೆಯ ವಿಷಯದಲ್ಲಿ ಸರಕಾರವಾಗಲಿ ವೈದ್ಯರಾಗಲಿ ತಿಳಿವಳಿಕೆ ಕೊಡಬಹುದು, ತೀರ್ಮಾನವು ಬಾಳುವವರದು. ಇವಾವುವೂ ಕ್ರಿಸ್ಪರಿನಷ್ಟು ಸೋಜಿಗದ ಕೆಲಸಗಳಲ್ಲ. ಆದರೆ ಇವುಗಳಿಲ್ಲದೆ ರೋಗಿಗಳ ಪಟ್ಟಿ ಬೆಳೆಯುವುದೇ ಹೊರತು ರೋಗವು ಇಳಿಯುವುದಿಲ್ಲ.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲುಂಟು. ನಿಮ್ಮ ತರಗತಿಯಲ್ಲಿ, ವಿದ್ಯಾರ್ಥಿನಿಲಯದಲ್ಲಿ, ಊರಿನಲ್ಲಿ ಇಂತಹ ಕಾರ್ಡುಳ್ಳ ಗೆಳೆಯರು ಇರಬಹುದು. ವಾಹಕನು ರೋಗಿಯಲ್ಲವೆಂಬುದನ್ನೂ, ಈ ರೋಗ ಮುಟ್ಟಿದರೆ ಅಂಟುವುದಿಲ್ಲವೆಂಬುದನ್ನೂ, ನೋವೆಂದು ಮಲಗಿದ ಗೆಳೆಯನು ಸೋಮಾರಿಯಲ್ಲವೆಂಬುದನ್ನೂ ನೀವು ತಿಳಿದಿದ್ದರೆ, ಮತ್ತೊಬ್ಬರಿಗೆ ತಿಳಿಸಿದರೆ, ಅದು ಸಣ್ಣ ಸೇವೆಯಲ್ಲ. ಹುಟ್ಟಿದ ಆರನೆಯ ದಿನ ವಿಧಿಯು ಹಣೆಯ ಮೇಲೆ ಬರೆದದ್ದನ್ನು ಅಳಿಸಲಾಗದೆಂದು ನಮ್ಮ ಜನ ನಂಬಿದ್ದರು. ರಕ್ತದಲ್ಲಿ ಬರೆದ ತಪ್ಪಕ್ಷರವನ್ನೂ ತಿದ್ದಲು ಮನುಷ್ಯನು ಈಗ ಕಲಿಯುತ್ತಿದ್ದಾನೆ. ಅಳಿಸಲಾಗದ ಹೊಸ ಬರಹವನ್ನು ನಮ್ಮ ಕೈಯಿಂದಲೇ ಇನ್ನೊಬ್ಬರ ಹಣೆಯ ಮೇಲೆ ಬರೆಯದಂತೆ ಎಚ್ಚರವಹಿಸುವುದು ನಮ್ಮೆಲ್ಲರ ಕರ್ತವ್ಯ.